ತಾಳಿಕೊಂಡ ನೋವೆಲ್ಲ ಶಿಲುಬೆಯೇ?



ಕೆಲವು ವರ್ಷಗಳ ಹಿಂದೆ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವ ಒಬ್ಬ ತಾಯಿ ಭಾನುವಾರದ ಪೂಜೆ ಮುಗಿದ ಮೇಲೆ ನನ್ನ ಬಳಿ ಬಂದರು. "ಫಾದರ್, ತಿಂಗಳಾ ತಿಂಗಳಾ ಹೊಟ್ಟಿ ಬ್ಯಾನಿ ತಡಕೊಳ್ಳಾಕ ಆಗವಲ್ದರಿ. ಎರಡು ದಿನ ಮಲಗಿದ್ರ ಪಗಾರ ಹೋಗತೈತಿ, ಮನ್ಯಾಗ ಬೈಸ್ಕೋಬೇಕು" ಎಂದರು. ಇಂಥ ಮಾತನ್ನು ಗುರುಗಳ ಮುಂದೆ ಆಡಲು ಆಕೆಗೆ ಎಷ್ಟು ಧೈರ್ಯ ಬೇಕಾಯಿತೋ! ನನಗಾದರೋ ಮುಜುಗರ. "ನೋವನ್ನು ಯೇಸುಸ್ವಾಮಿಯ ಶಿಲುಬೆಗೆ ಒಪ್ಪಿಸಮ್ಮ" ಎಂದು ಹೇಳಿ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿಬಿಟ್ಟೆ. ಹೇಳಿದ ಮಾತಿನಲ್ಲಿ ದೈವಶಾಸ್ತ್ರದ ತಪ್ಪೇನೂ ಇರಲಿಲ್ಲ. ಆದರೆ ಮಾತು ಬೇಗ ಮುಗಿಯಲಿ ಎಂಬ ಆತುರದಿಂದ ಅದನ್ನು ಹೇಳಿದ್ದೆ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆಕೆಗೆ ಇದ್ದದ್ದು ಎಂಡೋಮೆಟ್ರಿಯೋಸಿಸ್ ಎಂಬ ಬೇನೆ ಎಂದು ಬಹಳ ದಿನಗಳ ನಂತರ ತಿಳಿಯಿತು. ಗರ್ಭಚೀಲದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಚೀಲದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಸುತ್ತ ಬೆಳೆಯುತ್ತದೆ. ಮುಟ್ಟಿನ ದಿನಗಳಲ್ಲಿ ಅದೂ ಊದಿಕೊಂಡು ನೋಯುತ್ತದೆ. ಕೆಲವರಿಗೆ ಮಕ್ಕಳಾಗುವುದೂ ಕಷ್ಟವಾಗುತ್ತದೆ. ಹೆರುವ ವಯಸ್ಸಿನ ಸ್ತ್ರೀಯರಲ್ಲಿ ಹತ್ತರಲ್ಲಿ ಒಬ್ಬರಿಗೆ, ಅಂದರೆ ಲೋಕದಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಬೇನೆಯನ್ನು ಗುರುತಿಸಲು ಅನೇಕರಿಗೆ ಹಲವು ವರ್ಷ ಹಿಡಿಯುತ್ತದೆ. ಕಾರಣ ನಿಮಗೂ ಗೊತ್ತು: "ಹೆಣ್ಣುಮಕ್ಕಳಿಗೆ ಇದು ಇದ್ದದ್ದೇ" ಎಂದು ತಾಯಿ, ಅತ್ತೆ, ಕೆಲವೊಮ್ಮೆ ವೈದ್ಯರು, ಮತ್ತು ನನ್ನಂಥ ಗುರುಗಳು ಹೇಳಿಬಿಡುತ್ತೇವೆ.

ಸಹನೆ ಸದ್ಗುಣವಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಕೇಡನ್ನು ತಾಳುವುದು ತನ್ನಷ್ಟಕ್ಕೆ ಒಳ್ಳೆಯದಲ್ಲ, ಯಾವ ಒಳಿತಿಗಾಗಿ ತಾಳುತ್ತೇವೆ ಎಂಬುದರಿಂದಲೇ ಅದು ಸದ್ಗುಣವಾಗುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರಿಂದ ಸೆಮಿನರಿಯಲ್ಲಿ ಕಲಿತೆವು. ಆ ತಾಯಿ ಯಾವ ಒಳಿತಿಗಾಗಿ ತಾಳುತ್ತಿದ್ದರು? ಮನೆಯಲ್ಲಿ ರೊಟ್ಟಿ ಹೊತ್ತಿಗೆ ಸರಿಯಾಗಿ ಆಗಲಿ, ಯಾರಿಗೂ ತೊಂದರೆಯಾಗದಿರಲಿ ಎಂದು. ಅದನ್ನು ಶಿಲುಬೆ ಎಂದು ಕರೆದು ಆಕೆಯ ಹೆಗಲಿಗೆ ಏರಿಸಿದವರು ನಾವು. ಜಗದ್ಗುರು ಎರಡನೆಯ ಜಾನ್ ಪೌಲರು 1984ರಲ್ಲಿ ನೋವಿನ ಕುರಿತು ಬರೆದ ಪತ್ರದಲ್ಲಿ ಒಳ್ಳೆಯ ಸಮಾರಿಯನ ಸಾಮತಿಯನ್ನು ವಿವರಿಸುತ್ತಾರೆ. ಗಾಯಗೊಂಡವನಿಗೆ ತಾಳ್ಮೆಯ ಉಪದೇಶ ಮಾಡಿ ಮುಂದೆ ಹೋದವನನ್ನು ಆ ಸಾಮತಿ ಹೊಗಳುವುದಿಲ್ಲ.

ಈಗ ಇನ್ನೊಂದು ಮಗ್ಗುಲು. ಈ ಬೇನೆಗೂ ಅಂಡಾಶಯದ ಕ್ಯಾನ್ಸರಿಗೂ ನಂಟಿರಬಹುದೆಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1925ರಲ್ಲೇ ಬರೆದಿದ್ದರು. 2024ರಲ್ಲಿ ಅಲ್ಲಿನ ಯೂಟಾ ರಾಜ್ಯದ ಸಂಶೋಧಕರು ನಾಲ್ಕೂವರೆ ಲಕ್ಷ ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ, ಎಂಡೋಮೆಟ್ರಿಯೋಸಿಸ್ ಇರುವವರಲ್ಲಿ ಆ ಕ್ಯಾನ್ಸರಿನ ಅಪಾಯ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಎಂದರು. ಅಂಡಾಶಯದಲ್ಲಿ ಗಂಟು ಕಟ್ಟಿದಾಗ ಅಥವಾ ಬೇನೆ ಆಳಕ್ಕೆ ಇಳಿದಾಗ ಅದು ಇನ್ನೂ ಹೆಚ್ಚು. ಕೇಳಿದರೆ ಎದೆ ನಡುಗುತ್ತದೆ. ಆದರೆ ಅದೇ ಸಂಶೋಧನೆಯನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು: ಹತ್ತು ಸಾವಿರ ಸ್ತ್ರೀಯರಲ್ಲಿ ಸುಮಾರು ಹತ್ತು ಮಂದಿಗೆ ಮಾತ್ರ ಹೆಚ್ಚಾಗಿ ಬರುತ್ತದೆ. ಎರಡೂ ಸತ್ಯವೇ. ಯಾವುದನ್ನು, ಯಾರಿಗೆ, ಯಾವ ಉದ್ದೇಶದಿಂದ ಹೇಳುತ್ತೇವೆ ಎಂಬಲ್ಲಿ ನೀತಿಯ ಪ್ರಶ್ನೆ ಏಳುತ್ತದೆ.

ಬಬಲೇಶ್ವರ ಕಡೆಯ ರೈತರೊಬ್ಬರು ಒಮ್ಮೆ ಸಾಲದ ಮಾತೆತ್ತಿಕೊಂಡು ಬಂದಿದ್ದರು. ಹೆಂಡತಿಗೆ ಇನ್ನೂ ಮೂವತ್ತು ದಾಟಿದ್ದಷ್ಟೇ. "ಗರ್ಭಚೀಲ ತಗಿಸ್ರಿ, ಬಿಟ್ರ ಕ್ಯಾನ್ಸರ್ ಆಗತೈತಿ ಅಂದಾರ್ರಿ" ಎಂದರು. ಬೇರೊಬ್ಬ ವೈದ್ಯರನ್ನೂ ಕಾಣಿರಿ ಎಂದೆ. ನಮ್ಮ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಮತ್ತು ದಲಿತ ಸ್ತ್ರೀಯರ ಗರ್ಭಚೀಲಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು 2015ರಲ್ಲಿ ಸುದ್ದಿಯಾದವು. ಇಂಥ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ಆದೇಶಿಸಿತು. ಗರ್ಭಚೀಲ ಬೇರೆ, ಅಂಡಾಶಯ ಬೇರೆ. ಒಂದನ್ನು ತೆಗೆದರೆ ಇನ್ನೊಂದರ ಕ್ಯಾನ್ಸರ್ ತಪ್ಪಿತೆಂದಲ್ಲ. ಚಿಕ್ಕ ವಯಸ್ಸಿನಲ್ಲೇ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ಬೇಗ ನಿಂತು ಎಲುಬುಗಳು ಸವೆಯುತ್ತವೆ. ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಾದವರೂ ಇದ್ದಾರೆ, ಅವರು ಹಿಂಜರಿಯಬಾರದು. ಆದರೆ ಹೆದರಿಸಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾರೆ.

ನಮ್ಮ ಕುಟುಂಬಗಳಲ್ಲಿ ಮತ್ತೊಂದು ಅಳುಕು ಇದೆ. ಈ ಬೇನೆಗೆ ವೈದ್ಯರು ಹಾರ್ಮೋನು ಮಾತ್ರೆ ಬರೆದುಕೊಡುತ್ತಾರೆ. "ಇದು ಮಕ್ಕಳಾಗದ ಗುಳಿಗಿ, ತಗೊಂಡ್ರ ಪಾಪ" ಎಂದು ಅದನ್ನು ಟ್ರಂಕಿನ ತಳದಲ್ಲಿ ಇಟ್ಟವರನ್ನು ನಾನು ಬಲ್ಲೆ. ಅವರ ವಿಶ್ವಾಸಕ್ಕೆ ತಲೆಬಾಗುತ್ತೇನೆ, ಆದರೆ ಧರ್ಮಸಭೆ ಹಾಗೆ ಬೋಧಿಸಿಲ್ಲ. ಗರ್ಭನಿರೋಧವನ್ನು ನಿಷೇಧಿಸಿದ 1968ರ 'ಹ್ಯುಮಾನೆ ವೀತೆ' ವಿಶ್ವಪತ್ರದಲ್ಲೇ, 15ನೇ ಪರಿಚ್ಛೇದದಲ್ಲಿ, ಜಗದ್ಗುರು ಆರನೆಯ ಪೌಲರು ಇದನ್ನು ಸ್ಪಷ್ಟಪಡಿಸಿದ್ದಾರೆ: ಬೇನೆಯ ಗುಣಕ್ಕೆ ಅವಶ್ಯವಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ತಡೆಯುಂಟಾದರೂ, ಆ ತಡೆಯನ್ನೇ ಬಯಸಿ ಮಾಡದಿದ್ದರೆ ಚಿಕಿತ್ಸೆ ನಿಷಿದ್ಧವಲ್ಲ. ಈ ಪರಿಚ್ಛೇದವನ್ನು ನಾವು ಗುರುಗಳು ಪ್ರಬೋಧನೆಯಲ್ಲಿ ಹೇಳಿದ್ದು ಅಪರೂಪ. ಮೇಲಿನ ನಿಷೇಧವನ್ನು ಮಾತ್ರ ಮರೆಯದೆ ಹೇಳಿದ್ದೇವೆ.

ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ಮತ್ತೊಮ್ಮೆ ಓದಿ ನೋಡಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದುದೆಲ್ಲವನ್ನೂ ವೈದ್ಯರಿಗೆ ಸುರಿದರೂ ಗುಣಕಾಣದ ಸ್ತ್ರೀ ಅಲ್ಲಿದ್ದಾಳೆ. ವೈದ್ಯರ ಬಳಿಗೆ ಏಕೆ ಹೋದೆ ಎಂದು ಯೇಸು ಗದರಿಸಲಿಲ್ಲ, ಇನ್ನಷ್ಟು ತಾಳು ಎನ್ನಲೂ ಇಲ್ಲ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದರೂ, ಅಷ್ಟು ಅವಸರದ ದಾರಿಯಲ್ಲಿ ನಿಂತರು. ಜನರ ನಡುವೆ ಆಕೆ ನಡೆದದ್ದೆಲ್ಲವನ್ನೂ ಹೇಳಿ ಮುಗಿಸುವ ತನಕ ಕೇಳಿದರು. ನಾನು ನಿಲ್ಲದೆ ಹೋದದ್ದು ಅಲ್ಲೇ.

ತಿಕೋಟಾದ ಆ ತಾಯಿಯನ್ನು ಕೊನೆಗೆ ವಿಜಯಪುರದ ಆಸ್ಪತ್ರೆಗೆ ಕರೆದೊಯ್ದವರು ನೆರೆಮನೆಯ ಒಬ್ಬ ಮುಸ್ಲಿಂ ಹೆಂಗಸು. ಹೋದ ಕ್ರಿಸ್ಮಸ್ಸಿಗೆ ಸಿಕ್ಕಾಗ ನಾನಾಗಿಯೇ ಕೇಳಿದೆ. "ಪೂರಾ ಹೋಗಿಲ್ರಿ ಫಾದರ್, ಆದ್ರ ಗುಳಿಗಿ ತಗೊಂಡು ಕೆಲಸಕ್ಕ ಹೋಗತೀನಿ" ಎಂದರು. ಪಕ್ಕದಲ್ಲಿ ಗಂಡ ತಲೆ ತಗ್ಗಿಸಿ ನಿಂತಿದ್ದರು. ಅವರಿಗೂ ಕುರ್ಚಿ ಹಾಕಿ ಕೂಡಲು ಹೇಳಿದೆ.