ರಸ್ತೆ ಮುಗಿದ ಮೇಲಿನ ಬೆಟ್ಟ

ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರ, ಕೆನಬೇಗೊ ಡಿವೈಡ್ ಎಂಬ ಬೆಟ್ಟಸಾಲಿದೆ. ಅದರ ನೆತ್ತಿಗೆ ಯಾರೂ ಚಾರಣದ ದಾರಿ ಕಡಿದಿಲ್ಲ. ಹೋಗಬೇಕೆನ್ನುವವರು ಮೊದಲು ಮರದ ಲಾರಿಗಳ ಹಾದಿ ಹಿಡಿಯಬೇಕು. ಮಲೆನಾಡಿನವರು ಕೂಪು ರಸ್ತೆ ಎನ್ನುತ್ತಾರಲ್ಲ, ಅಂಥದ್ದೇ: ಜಲ್ಲಿ ಕಿತ್ತ ಮಣ್ಣು, ಮಳೆನೀರು ಕೊರೆದ ಕೊರಕಲು, ಕುಸಿದ ಮೋರಿ. ಕವಲೊಡೆಯುತ್ತ, ಕಿರಿದಾಗುತ್ತ ಹೋಗುವ ರಸ್ತೆ ಕಡೆಗೆ ಹಳೆಯ ಕೂಪಿನ ಮುಳ್ಳುಪೊದೆಗಳಲ್ಲಿ ಇಲ್ಲವಾಗುತ್ತದೆ.

ಅಲ್ಲಿಂದ ಮುಂದೆ ನಕ್ಷೆ, ದಿಕ್ಸೂಚಿ, ಮೊಣಕೈ. ಸ್ಪ್ರೂಸ್ ಮತ್ತು ಫರ್ ಮರಗಳು ಒಂದಕ್ಕೊಂದು ಹೆಣೆದುಕೊಂಡು ನಿಂತಿರುತ್ತವೆ. ಒಣರೆಂಬೆಗಳು ಕಣ್ಣಿಗೇ ಬರುತ್ತವೆ. ಗಾಳಿಗೆ ಉರುಳಿದ ದಿಮ್ಮಿಗಳನ್ನು ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ. ಇಂಥ ದಾರಿಯಿಲ್ಲದ ಶಿಖರಗಳ ಮೇಲೆ ಮರಕ್ಕೊಂದು ಡಬ್ಬಿ ಕಟ್ಟಿ, ಒಳಗೆ ಹೆಸರು ಬರೆಯಲು ನೋಟ್‌ಬುಕ್ ಇಡುವ ರೂಢಿ ಈ ಸೀಮೆಯಲ್ಲಿದೆ.

ಮೈ ತರಚಿಸಿಕೊಂಡು ಅಲ್ಲಿಗೆ ಹೋಗುವವರಿಗೆ ಬೇಕಾದದ್ದೇನು? ಮನುಷ್ಯ ಮುಟ್ಟದ ಜಾಗ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ದೇವರ ಮಾತೆತ್ತದವರೂ ಈ ಮಾತನ್ನು ಮಡಿಯ ಮಾತಿನಂತೆಯೇ ಆಡುತ್ತಾರೆ. ಆದರೆ ಆ ಮುಟ್ಟದ ಜಾಗದ ಬಾಗಿಲವರೆಗೆ ಅವರನ್ನು ತಂದದ್ದು ಗರಗಸ. ನದಿಯಲ್ಲಿ ದಿಮ್ಮಿ ತೇಲಿಸುವ ಕೆಲಸ ಮೇನ್‌ನಲ್ಲಿ 1970ರ ದಶಕದಲ್ಲಿ ನಿಂತಿತು; ಕೆನೆಬೆಕ್ ನದಿಯಲ್ಲಿ ಕೊನೆಯ ಬಾರಿ ದಿಮ್ಮಿ ತೇಲಿದ್ದು 1976ರಲ್ಲಿ. ಆ ಕೆಲಸವನ್ನು ಲಾರಿ ರಸ್ತೆಗಳು ವಹಿಸಿಕೊಂಡವು. ರಾಜ್ಯದ ಉತ್ತರಕ್ಕೆ ಸುಮಾರು 35 ಲಕ್ಷ ಎಕರೆ ಕಾಡಿಗೆ ಇಂದೂ ಗೇಟಿನಲ್ಲಿ ಹೆಸರು ಬರೆಸಿಯೇ ಹೋಗಬೇಕು. ಒಳಗೆ ಮರ ಹೊತ್ತ ಲಾರಿ ಎದುರಾದರೆ ಪಕ್ಕಕ್ಕೆ ಸರಿಯಬೇಕಾದದ್ದು ಕಾರಿನವರು.

ಈ ತೊಡಕು ಹೊಸದಲ್ಲ. 1846ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ವಾಲ್ಡನ್ ಕೊಳದ ದಡದ ತನ್ನ ಗುಡಿಸಲಿನಿಂದ ಇದೇ ಮೇನ್‌ಗೆ ಹೊರಟ. ಕಟಾಡಿನ್ ಬೆಟ್ಟ ಏರುವುದು ಅವನ ಆಸೆ. ಎತ್ತರ 5,267 ಅಡಿ, ರಾಜ್ಯದಲ್ಲೇ ಹೆಚ್ಚು. ಜೊತೆಗೆ ಬಂದ ನೆಂಟ ಬ್ಯಾಂಗೋರ್ ಊರಿನ ಮರದ ವ್ಯಾಪಾರಿ. ಹೋದ ಜಲಮಾರ್ಗ ಮರ ಕಡಿಯುವವರದು, ದೋಣಿ ಅವರದು, ತಂಗಿದ ಬಿಡಾರಗಳೂ ಅವರವೇ. ಅಮೆರಿಕದ ಕಾಡಿನ ಅಧ್ಯಾತ್ಮವನ್ನು ಬರೆದವನೂ ಕೊಡಲಿಯ ಹಾದಿಯಲ್ಲೇ ಅಲ್ಲಿಗೆ ಹೋದ.

ಹಾದಿ ಮುಗಿದಲ್ಲಿ ನಡೆದದ್ದು ಬೇರೆ. ಹಳ್ಳದ ಜಾಡು ಹಿಡಿದು ಒಬ್ಬನೇ ಮೇಲೇರಿದಾಗ, ಚಳಿಗಾಳಿಗೆ ಕುಗ್ಗಿ ಹಾಸಿಕೊಂಡ ಕಪ್ಪು ಸ್ಪ್ರೂಸ್ ಮರಗಳು ಎಷ್ಟು ದಟ್ಟವಾಗಿದ್ದವೆಂದರೆ ಅವನು ಅವುಗಳ ನೆತ್ತಿಯ ಮೇಲೆಯೇ ನಡೆದುಹೋದ. ಕಾಲ ಕೆಳಗಿನ ಸಂದುಗಳಲ್ಲಿ ಕರಡಿಯ ಗವಿಗಳಂಥ ಕತ್ತಲು. ಮೇಲೆ ಮೋಡ ಮುಸುಕಿತ್ತು. ತುತ್ತತುದಿ ಸಿಗದೆ ಇಳಿದ. ವಾಲ್ಡನ್‌ನಲ್ಲಿ ನೆರೆಮನೆಯವಳಂತಿದ್ದ ಪ್ರಕೃತಿ ಇಲ್ಲಿ ಅವನನ್ನು ಗುರುತೇ ಹಿಡಿಯಲಿಲ್ಲ. ಇಳಿಯುವಾಗ ದಾಟಿದ ಬಯಲೊಂದನ್ನು ನೆನೆಯುತ್ತ ಅವನು ಬರೆದುಕೊಂಡದ್ದು ಬೆಟ್ಟದ ಭಯವನ್ನಲ್ಲ, ತನ್ನ ಮೈಯೇ ತನಗೆ ಅಪರಿಚಿತವಾಗಿ ಕಂಡ ಬೆರಗನ್ನು.

ಥೋರೋ ಗೀತೆಯನ್ನು ಚಾರ್ಲ್ಸ್ ವಿಲ್ಕಿನ್ಸ್‌ನ 1785ರ ಇಂಗ್ಲಿಷ್ ಅನುವಾದದಲ್ಲಿ ಓದಿದ್ದವನು. ಗೀತೆಯ ಹನ್ನೊಂದನೆಯ ಅಧ್ಯಾಯ ಬಲ್ಲವರಿಗೆ ಈ ಬೆರಗು ಹೊಸದೆನಿಸದು. ವಿಶ್ವರೂಪ ಕಂಡ ಅರ್ಜುನ ನಡುಗಿ, ಹಳೆಯ ಸೌಮ್ಯರೂಪವನ್ನೇ ತೋರೆಂದು ಬೇಡುತ್ತಾನೆ, ಕೃಷ್ಣ ತೋರುತ್ತಾನೆ. ಕಟಾಡಿನ್‌ನಲ್ಲಿ ಬೇಡಿಕೆ ಕೇಳುವವರೇ ಇಲ್ಲ. ನಮ್ಮ ಕಡೆಗೆ ಮುಖವನ್ನೇ ತಿರುಗಿಸದ ಒಂದನ್ನು ಪವಿತ್ರ ಎನ್ನಬಹುದೇ? ಕೈಮುಗಿದರೆ ಅದು ಯಾರಿಗೆ ಸಲ್ಲುತ್ತದೆ? ದಾರಿಯಿಲ್ಲದ ಬೆಟ್ಟ ಮುಂದಿಡುವ ನಿಜವಾದ ಪ್ರಶ್ನೆ ಇದು. ಮುಟ್ಟಿದ್ದು, ಮುಟ್ಟದ್ದು ಎಂಬ ಜಗಳ ಇದರ ಮುಂದೆ ಸಣ್ಣದು.

ಆ ನೆಲದ ಪೆನಾಬ್‌ಸ್ಕಾಟ್ ಜನರಿಗೆ ಈ ಪ್ರಶ್ನೆ ಬಹಳ ಹಳೆಯದು. ಕಟಾಡಿನ್ ಮೇಲೆ ಪಮೋಲಾ ಇದ್ದಾನೆ: ಮೂಸ್ ಎಂಬ ಭಾರಿ ಕಡವೆಯ ತಲೆ, ಮನುಷ್ಯನ ಒಡಲು, ಹದ್ದಿನ ರೆಕ್ಕೆ. ಮೇಲೆ ಬರುವವರನ್ನು ಅವನು ಸಹಿಸುವುದಿಲ್ಲ. ಬೆಟ್ಟ ಏರಲು ಪಮೋಲಾ ಬಿಟ್ಟಾನೆಯೇ ಎಂದು ಥೋರೋ ಕೇಳಿದಾಗ ಲೂಯಿ ನೆಪ್ಚೂನ್ ಎಂಬ ಪೆನಾಬ್‌ಸ್ಕಾಟ್ ವ್ಯಕ್ತಿ, ತುದಿಯಲ್ಲೊಂದು ರಮ್ ಬಾಟಲಿ ಇಟ್ಟು ಬರಬೇಕು ಎಂದನಂತೆ. ಥೋರೋ ಅದನ್ನು ಹಾಸ್ಯವೆಂದು ದಾಖಲಿಸಿದ್ದಾನೆ. ಆದರೆ ಆ ಹಾಸ್ಯದೊಳಗೆ ಗಟ್ಟಿಯಾದ ತಿಳಿವಳಿಕೆಯಿದೆ: ಬೆಟ್ಟ ನಿಮ್ಮದಲ್ಲ, ನೀವು ಹೋಗುತ್ತಿರುವುದು ಇನ್ನೊಬ್ಬರ ಮನೆಗೆ. ಪವಿತ್ರತೆ ಇಲ್ಲಿ ಹೆಜ್ಜೆಗುರುತು ಇಲ್ಲದಿರುವುದರಲ್ಲಿಲ್ಲ. ಹೊಸಿಲು ಎಲ್ಲಿದೆ ಎಂದು ತಿಳಿದಿರುವುದರಲ್ಲಿದೆ. ಹಾಗೆ ನೋಡಿದರೆ ಕೂಪು ರಸ್ತೆ ಮೈಲಿಗೆಯೂ ಅಲ್ಲ, ಅದು ಮುಗಿದ ಮೇಲಿನ ಪೊದೆ ಮಡಿಯೂ ಅಲ್ಲ. ಮೊಣಕೈಗೆ ತಾಗುವ ಒಂದೊಂದು ಒಣರೆಂಬೆಯೂ ಹೊಸಿಲಿನ ಸುಳಿವು ಕೊಡುತ್ತದೆ, ಅಷ್ಟೆ. ಅದನ್ನು ಗುರುತಿಸಿದವರು ಡಬ್ಬಿಯ ನೋಟ್‌ಬುಕ್ಕಿನಲ್ಲಿ ಹೆಸರು ಬರೆಯುವುದಕ್ಕೂ, ಗೆದ್ದೆನೆಂದುಕೊಂಡವರು ಬರೆಯುವುದಕ್ಕೂ ಬಹಳ ಅಂತರವಿದೆ.

1980ರ ದಶಕದಿಂದ ಪೆನಾಬ್‌ಸ್ಕಾಟ್ ಜನ ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಆರಂಭದ ಕಾರ್ಮಿಕ ದಿನದ ರಜೆಯಲ್ಲಿ, ತಮ್ಮ ಇಂಡಿಯನ್ ಐಲ್ಯಾಂಡ್‌ನಿಂದ ಕಟಾಡಿನ್‌ಗೆ ಯಾತ್ರೆ ಹೊರಡುತ್ತಾರೆ. ಕೆಲವರು ಓಡುತ್ತಾರೆ, ಕೆಲವರು ನದಿಯ ಹರಿವಿಗೆ ಎದುರಾಗಿ ದೋಣಿ ಹುಟ್ಟು ಹಾಕುತ್ತಾರೆ. ದೂರ ಸುಮಾರು 100 ಮೈಲಿ. ಯಾತ್ರೆ ಬೆಟ್ಟದ ಬುಡದಲ್ಲಿ ಮುಗಿಯುತ್ತದೆ.