ಬಿಟ್ಟುಹೋದ ಒಂದು ಪ್ರಶ್ನೆ

ಕೆಂಪು ಬಾಳೆಯ ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬರುವವರಲ್ಲಿ ಕೋರ್ಟಿನ ತಾರೀಖಿದ್ದವರೂ ಇರುತ್ತಾರೆ. ಹೊಲದ ಬದುವಿನ ಜಗಳ ಕೊಲೆಯತ್ನದ ಕೇಸಾದರೆ ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ. ಆರೋಪಿ ಮನೆಗೋ ಜೈಲಿಗೋ ಎಂಬುದು ಬಹುಮಟ್ಟಿಗೆ ಪಾಟೀಸವಾಲಿನಲ್ಲೇ ತೀರ್ಮಾನವಾಗುತ್ತದೆ.

‘ಕೊಡಲಿ ಬೀಸಿದ್ದು ನಾ ಕಣ್ಣಾರೆ ನೋಡೀನ್ರಿ’ ಎನ್ನುತ್ತಾನೆ ಸಾಕ್ಷಿ. ಪೊಲೀಸರು ಬರೆದುಕೊಂಡ ಅವನದೇ ಹೇಳಿಕೆಯಲ್ಲಿ, ಕೂಗು ಕೇಳಿದ ಮೇಲೆ ಓಡಿಬಂದೆ ಎಂದಿದೆ. ಕೇಸು ಬಿತ್ತು ಎಂದು ಹೊಸ ವಕೀಲರು ಹಿಗ್ಗುತ್ತಾರೆ. ಅಷ್ಟಕ್ಕೇ ಬೀಳುವುದಿಲ್ಲ. ಆ ಸಾಲುಗಳನ್ನೇ ಸಾಕ್ಷಿಯ ಗಮನಕ್ಕೆ ತಂದು ಕೇಳಬೇಕು. ಹಾಗೆ ಹೇಳಿಲ್ಲ ಎಂದರೆ ಆ ಭಾಗವನ್ನು ಆರೋಪಿ ಪರ ದಾಖಲೆಯಾಗಿ ಡಿ-1 ಎಂದು ಗುರುತಿಸಬೇಕು. ಮುಂದೆಂದೋ ತನಿಖಾಧಿಕಾರಿ ಸಾಕ್ಷಿ ಹೇಳಲು ಬಂದಾಗ, ಅವನು ನಿಮ್ಮೆದುರು ಹೀಗೆ ಹೇಳಿದ್ದು ನಿಜವೇ ಎಂದು ಕೇಳಿ ಸಾಬೀತುಪಡಿಸಬೇಕು. ಈ ಕೊನೆಯ ಪ್ರಶ್ನೆ ಮರೆತರೆ ಆ ವೈರುಧ್ಯ ಲೆಕ್ಕಕ್ಕೇ ಬರುವುದಿಲ್ಲ. ಸಾಕ್ಷ್ಯ ಕಾಯ್ದೆಯ 145ನೇ ಕಲಮು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 148 ಆಗಿದೆ, ಕಸುಬು ಬದಲಾಗಿಲ್ಲ.

ಇದು ಸೀನಿಯರ್ ಫೈಲು ಹಿಡಿದು, ಅವರ ಹಿಂದೆ ಕೂತು ಕಲಿಯುವ ವಿದ್ಯೆ. ಒಳ್ಳೆಯ ಸೀನಿಯರ್ ಸಿಗದವರ ಗತಿ? ಅವರ ಕಕ್ಷಿದಾರರ ಗತಿ? ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಪ್ರಕರಣಕ್ಕೆ ಕೋರ್ಟು ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವ, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಇರಬೇಕೆಂದು ಅನೋಖಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಯೋಜನೆ ಬಡ ಆರೋಪಿಗಳಿಗೆ ಪೂರ್ಣಾವಧಿ ವಕೀಲರನ್ನು ಕೊಟ್ಟಿತು. ಮುಖ್ಯಸ್ಥರಾಗುವವರು ಸೆಷನ್ಸ್‌ನಲ್ಲಿ ಕನಿಷ್ಠ 30 ವಿಚಾರಣೆ ನಡೆಸಿರಬೇಕು. ಸಹಾಯಕರಾಗಿ ಹೊಸಬರೂ ಸೇರಬಹುದು. ಈ ಜೋಡಣೆ ನನಗೆ ಬಹಳ ಹಿಡಿಸಿದೆ. ಆದರೆ ಸಹಾಯಕರನ್ನು ರಿಮಾಂಡು, ಜಾಮೀನು ಅರ್ಜಿಗಳಿಗಷ್ಟೇ ಸವೆಸಬಾರದು.

ಕಲಬುರಗಿಗೊಂದು ಅನುಕೂಲವಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದ ಹೈಕೋರ್ಟು 2013ರಿಂದ ಕಾಯಂ ಆಗಿದೆ. ಅಲ್ಲಿ ಮೇಲ್ಮನವಿ ನಡೆಸುವವರು ಕೆಳಗಿನ ಕೋರ್ಟಿನ ಸಾಕ್ಷ್ಯಗಳನ್ನು ಸಾಲುಸಾಲಾಗಿ ಓದುತ್ತಾರೆ. ಯಾವ ಪ್ರಶ್ನೆ ಬಿಟ್ಟುಹೋಯಿತೆಂದು ಅವರಿಗೆ ಗೊತ್ತಾಗುತ್ತದೆ. ಅದನ್ನು ಕೇಳುವ ಕಾಲ ಮಾತ್ರ ಅಷ್ಟರಲ್ಲಿ ಸಾಮಾನ್ಯವಾಗಿ ಮೀರಿರುತ್ತದೆ. ಅವರು ತಿಂಗಳಿಗೊಂದು ಶನಿವಾರ, ಮುಗಿದ ಕೇಸಿನ ಪಾಟೀಸವಾಲನ್ನು ಮುಂದಿಟ್ಟುಕೊಂಡು ಜೂನಿಯರ್‌ಗಳ ಜೊತೆ ಕೂರಲಿ. ಕಮಲಾಪುರ, ಆಳಂದ, ಚಿಂಚೋಳಿ ಕಡೆಯಿಂದ ಬಂದ, ಮನೆತನದಲ್ಲಿ ಮೊದಲ ಬಾರಿಗೆ ಕರಿಕೋಟು ತೊಟ್ಟ ಹುಡುಗ ಹುಡುಗಿಯರನ್ನು ಮೊದಲು ಕರೆಯಲಿ.