ಬಾಗಿಲಲ್ಲಿ ನಿಂತವನೂ ರಂಗದ ಮೇಲಿನ ಪಾತ್ರವೂ

ನೆಲೆ ತಪ್ಪಿ ಬಂದವರಿಗೆ, ಸಮಾಜದ ಅಂಚಿಗೆ ತಳ್ಳಲ್ಪಟ್ಟವರಿಗೆ ಅನ್ನ, ವಸ್ತ್ರ, ವಿದ್ಯೆಗಳನ್ನು ನೀಡುವುದು ಧರ್ಮವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅಂಥವರಿಗೆ ಹಾಡು, ಕುಣಿತ, ನಾಟಕಗಳಿಂದ ಏನಾದರೂ ಉಪಕಾರವಾದೀತೆ ಎಂದು ಕೇಳಿದರೆ ಮಾತ್ರ ಹಲವರು ನಗುತ್ತಾರೆ. ಹಸಿದವನ ಮುಂದೆ ಹಾರ್ಮೋನಿಯಂ ನುಡಿಸಿದಂತಾಯಿತು ಎನ್ನುತ್ತಾರೆ. ಈ ಆಕ್ಷೇಪಣೆ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಮಳವಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದಕ್ಕೊಂದು ಉತ್ತರ ಬಾಲ್ಯದಲ್ಲಿಯೇ, ನಮ್ಮ ಮನೆಯ ಜಗುಲಿಯ ಮೇಲೆಯೇ ದೊರೆತಿತ್ತು. ಅದು ಉತ್ತರವೆಂದು ತಿಳಿಯಲು ಬಹುಕಾಲ ಹಿಡಿಯಿತು.

ನಮ್ಮ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯವರ ಕ್ಷೇತ್ರ. ಅವರ ಕಥೆಯನ್ನು ಹಾಡುವ ನೀಲಗಾರರು ದೀಕ್ಷೆ ಪಡೆದು, ತಂಬೂರಿ ಹಿಡಿದು ಊರೂರು ಸುತ್ತುವವರು. ಅವರಲ್ಲಿ ಬಹುಮಂದಿ ಊರ ಹೊರಗಣ ಕೇರಿಯವರು. ಸಿದ್ಧಪ್ಪಾಜಿಯವರು ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆ ಬೇಡಲು ಹೋಗಿ ಪಡಬಾರದ ಪಾಡು ಪಟ್ಟ ಹಲಗೂರು ಕೂಡ ಇದೇ ತಾಲ್ಲೂಕಿನದು. ಆದುದರಿಂದ ನಮಗೆ ಇದು ದೂರದ ಪುರಾಣವಲ್ಲ. ಕಥೆಯಲ್ಲಿ ಕಲ್ಯಾಣದ ಸಾಲು ಎಂಬುದೊಂದುಂಟು. ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ, ಮುಟ್ಟಬಾರದವನಂತೆ, ಶರಣರ ಕಲ್ಯಾಣಕ್ಕೆ ಬರುತ್ತಾರೆ. ಬಾಗಿಲ ಕಾವಲಿನವರು ತಡೆಯುತ್ತಾರೆ. ಒಳಗೆ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹ. ಹೊರಗೆ ಒಬ್ಬನಿಗೆ ಪ್ರವೇಶವಿಲ್ಲ. ಕಡೆಗೆ ಬಸವಣ್ಣನೂ ನೀಲಮ್ಮನೂ ಬಂದು ಗುರುತಿಸುತ್ತಾರೆ.

ಇದನ್ನು ಹಾಡುವವನು ಕೇರಿಯವನು. ಮಂಡೆ ಬಾಗಿ ಕೇಳುತ್ತಿದ್ದವರು ಲಿಂಗ ಧರಿಸಿದ ನಾವು. ಕಥೆಯಲ್ಲಿ ತಪ್ಪಿತಸ್ಥರು ಯಾರು? ಬಾಗಿಲಲ್ಲಿ ನಿಂತವನಲ್ಲ, ಒಳಗಿದ್ದವರು. ನಮ್ಮ ಅಜ್ಜಿ ಮೊರದ ತುಂಬ ರಾಗಿ ತಂದು ಸುರಿದು, ಆ ಹಾಡುಗಾರನಿಗೆ ಕೈಮುಗಿಯುತ್ತಿದ್ದರು. ಹಗಲಿನಲ್ಲಿ ಅವನು ಜಗುಲಿ ಹತ್ತುವಂತಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಹಾಡು ಅಸ್ಪೃಶ್ಯತೆಯನ್ನು ಅಳಿಸಲಿಲ್ಲ. ಆದರೆ ಒಂದು ರಾತ್ರಿಯ ಮಟ್ಟಿಗಾದರೂ ನ್ಯಾಯಪೀಠದ ಮೇಲೆ ಯಾರು ಕುಳಿತಿದ್ದರೆಂಬುದು ಎಲ್ಲರಿಗೂ ಗೊತ್ತಿತ್ತು.

ಈಗ ನಮ್ಮ ರಂಗಭೂಮಿಯನ್ನು ನೋಡೋಣ. ಮಂಡ್ಯ ಸೀಮೆಯ ಹಳ್ಳಿಗಳಷ್ಟು ಪೌರಾಣಿಕ ನಾಟಕವನ್ನು ಪ್ರೀತಿಸುವ ಹಳ್ಳಿಗಳು ವಿರಳ. ಸುಗ್ಗಿ ಮುಗಿದರೆ ಸಾಕು, ನಾಟಕದ ಮೇಷ್ಟ್ರು, ಹಾರ್ಮೋನಿಯಂ, ಬಾಡಿಗೆಯ ಸೀನರಿ, ಬೆಳಗಿನವರೆಗೆ ಕುರುಕ್ಷೇತ್ರ. ಹೊಲ ಉಳುವ ಕೈಯೇ ಗದೆ ಹಿಡಿಯುವುದನ್ನು ಕಂಡು ನಾನು ಹೆಮ್ಮೆಪಟ್ಟಿದ್ದೇನೆ. ಆದರೆ ಪಾತ್ರಗಳಿಗೆ ಹಣ ಕಟ್ಟುವ ರೂಢಿಯಿದೆ. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು, ದೂತನಿಗೆ ಕಡಮೆ. ಖರ್ಚಿಗೆ ಬೇರೆ ದಾರಿಯಿಲ್ಲವೆನ್ನುವುದು ನಿಜವಿರಬಹುದು. ಆದರೂ ಶ್ರೀಕೃಷ್ಣನಾಗಲು ಶಾರೀರಕ್ಕಿಂತ ಗದ್ದೆಯ ವಿಸ್ತಾರ ಮುಖ್ಯವಾದಾಗ, ಕಲೆಯೂ ಆ ಕಲ್ಯಾಣದ ಬಾಗಿಲಿನಂತೆಯೇ ಆಯಿತಲ್ಲವೆ? 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರಿನಿಂದ ನಮ್ಮ ಗದ್ದೆ ಹಸಿರಾಯಿತು. ಅದಕ್ಕಾಗಿ ಮನೆಮಠ ಮುಳುಗಿಸಿಕೊಂಡು ಎದ್ದುಹೋದವರ ಕಥೆಯನ್ನು ನಮ್ಮ ಯಾವ ಊರಿನ ಪರದೆಯ ಮುಂದೂ ನಾನು ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ಮದ್ದೂರಿನ ಆಸುಪಾಸಿನ ಗ್ರಾಮವೊಂದರಲ್ಲಿ ಉತ್ಸಾಹಿ ತರುಣರು ಹೊಸ ಬಗೆಯ ನಾಟಕ ಆಡಿದರು. ಬಳ್ಳಾರಿ ಸೀಮೆಯಿಂದ ಕಬ್ಬು ಕಡಿಯಲು ಬಂದು ಗುಡಿಸಲಲ್ಲಿರುವ ಕುಟುಂಬಗಳ ಕಷ್ಟವೇ ವಸ್ತು. ಜಮೀನುದಾರರ ಮಕ್ಕಳು ಮುಖಕ್ಕೆ ಮಸಿ ಬಳಿದು, ಹರಕು ಬಟ್ಟೆ ತೊಟ್ಟು ಅತ್ತರು. ಜನರೂ ಕಣ್ಣೊರೆಸಿಕೊಂಡರು. ಕಬ್ಬು ಕಡಿಯುವವರು ದೀಪದ ಬೆಳಕಿನ ಆಚೆ, ಹಿಂದೆ ನಿಂತಿದ್ದರು. ಅವರಲ್ಲೊಬ್ಬ ಮುದುಕಿ ನನ್ನನ್ನು ಕೇಳಿದಳು: “ಯಾರಪ್ಪಾ ಅವರು, ಭಿಕ್ಷೆ ಬೇಡೋರಾ?” ನನಗೆ ಉತ್ತರ ಹೇಳಲಾಗಲಿಲ್ಲ. ನಾಟಕದ ಕಡೆಯಲ್ಲಿ ಹಣ ಕೂಡಿತು, ಕಂಬಳಿ ಹಂಚಿದರು. ಚಳಿಗೆ ಕಂಬಳಿ ಬೇಕಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆವರು ಸುರಿಸಿ ಕೂಲಿ ಗಳಿಸುವ ಆ ತಾಯಿಯನ್ನು ಅವಳ ಕಣ್ಣೆದುರಿಗೇ ಭಿಕ್ಷುಕಿಯನ್ನಾಗಿ ಮಾಡಿ ತೋರಿಸಿದೆವು. ಇದು ಸೇವೆಯೇ? ಕರುಣೆಯೆಂಬುದು ಒಮ್ಮೊಮ್ಮೆ ಕಾವಲಿನವರಿಗಿಂತ ನಯವಾಗಿ ಬಾಗಿಲು ಮುಚ್ಚುತ್ತದೆ.

ಹಾಗಾದರೆ ನೊಂದವರೇ ರಂಗಕ್ಕೆ ಬಂದು ತಮ್ಮ ನೋವನ್ನು ಆಡಲಿ ಎನ್ನಬಹುದೆ? ಅಷ್ಟಕ್ಕೇ ನಿಂತರೆ ಅದೂ ಒಂದು ಬಂಧನವೇ. ನೊಂದವನು ಸದಾ ನೊಂದವನ ಪಾತ್ರವನ್ನೇ ಮಾಡಬೇಕೆಂದೇನು? 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಜನರಿಂದ ನಾಟಕ ಆಡಿಸಿದರು. ಆಫ್ರಿಕ ಮೂಲದ ಈ ಜನರನ್ನು ಶತಮಾನಗಳ ಹಿಂದೆ ಗುಲಾಮರನ್ನಾಗಿ ಕಡಲು ದಾಟಿಸಿ ತಂದದ್ದು. ನೆಲೆ ತಪ್ಪಿಸಲ್ಪಟ್ಟವರೆಂದರೆ ಇವರೇ. ಅವರು ಆಡಿದ್ದು ತಮ್ಮ ದಾರಿದ್ರ್ಯವನ್ನಲ್ಲ. ನೈಜೀರಿಯದ ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿಯ ರೂಪಾಂತರವನ್ನು. ಹಿರಿಯರು, ವೀರರು, ಸ್ವಂತ ದೈವಗಳಿದ್ದ ಒಂದು ಊರು ಪರಕೀಯರಿಂದ ಮುರಿದುಬಿದ್ದ ಕಥೆಯನ್ನು. ಹಾಗೆಯೇ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಬಂದಿಗಳಿಗೆ ಷೇಕ್ಸ್‌ಪಿಯರನ ರಾಜರ ಪಾತ್ರ ಕೊಟ್ಟರು. ಕೊಲೆಯ ಅಪರಾಧಿ ಕೊಲೆಗಾರ ರಾಜನ ಮಾತನ್ನು ಆಡುವಾಗ ಅವನ ಎದೆಯಲ್ಲಿ ಏನಾಗುತ್ತದೆಂಬುದನ್ನು ಹೊರಗಿನವರಾದ ನಾವು ಅಳೆಯಲಾರೆವು, ಅಳೆಯಲೂ ಬೇಕಿಲ್ಲ.

ಟಿಬೆಟನ್ನರ ಉದಾಹರಣೆ ಇನ್ನೂ ಹತ್ತಿರದ್ದು. ಮಳವಳ್ಳಿಯಿಂದ ಕಾವೇರಿ ದಾಟಿ ಕೊಳ್ಳೇಗಾಲದ ಮಾರ್ಗವಾಗಿ ಹೋದರೆ ಒಡೆಯರಪಾಳ್ಯದಲ್ಲಿ ಅವರ ವಸಾಹತು ಸಿಗುತ್ತದೆ. 1959ರಲ್ಲಿ ದೇಶ ಬಿಟ್ಟು ಬಂದ ಆ ಜನ, ಅದೇ ವರ್ಷ, ತಲೆಯ ಮೇಲೆ ಭದ್ರವಾದ ಸೂರಿಲ್ಲದಿದ್ದಾಗಲೇ, ತಮ್ಮ ಗೀತನಾಟಕ ನೃತ್ಯಗಳನ್ನು ಉಳಿಸುವುದಕ್ಕೆಂದು ಒಂದು ಸಂಸ್ಥೆಯನ್ನು ಕಟ್ಟಿದರು. ಹಸಿದವನಿಗೆ ಹಾರ್ಮೋನಿಯಂ ಏತಕ್ಕೆ ಎನ್ನುವವರು ಇದನ್ನು ಯೋಚಿಸಬೇಕು. ಊರು ಕಳೆದುಕೊಂಡವನಿಗೆ ಹಾಡು ಊರಿನ ಉಳಿದ ಭಾಗ. ಕಲ್ಯಾಣ ಚೆದುರಿದಾಗ ಉಳವಿಯ ಕಾಡು ಹಾದಿ ಹಿಡಿದ ಶರಣರು ವಚನದ ಕಟ್ಟುಗಳನ್ನು ಹೊತ್ತು ನಡೆದರೆಂದು ನಾವೇ ಭಕ್ತಿಯಿಂದ ಹೇಳಿಕೊಳ್ಳುತ್ತೇವೆ. ಅಂದು ಅವರೂ ನಿರಾಶ್ರಿತರೇ.

ಪಡಿತರ ಚೀಟಿ, ಕೂಲಿ, ಶಾಲೆ, ಆಸ್ಪತ್ರೆಗಳಿಗೆ ಬದಲಾಗಿ ನಾಟಕವನ್ನು ಕೊಡಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಕೊಡುವವನು ವಂಚಕ. ಆದರೆ ಅವೆಲ್ಲವನ್ನೂ ಕೊಟ್ಟ ಮೇಲೂ ಪಡೆದವನು ಪಡೆಯುವವನಾಗಿಯೇ ಉಳಿಯುತ್ತಾನೆ. ಹಾಡುವಾಗ, ಆಡುವಾಗ ಅವನು ಕೊಡುತ್ತಾನೆ, ನಾವು ಪಡೆಯುತ್ತೇವೆ. ನಮ್ಮ ಅಜ್ಜಿ ಕೈಮುಗಿದದ್ದು ಅದಕ್ಕೇ.

ರಂಗಭೂಮಿ ಮಠಕ್ಕೆ ಸಲ್ಲದ್ದೆನ್ನುವ ಕಾಲವೂ ಹೋಯಿತು. ಸಾಣೇಹಳ್ಳಿಯ ಶಿವಸಂಚಾರ 1997ರಲ್ಲಿ ಆರಂಭವಾಗಿ ನಾಡಿನಾದ್ಯಂತ ನಾಟಕಗಳನ್ನು ಒಯ್ದಿದೆ. ನಮ್ಮ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಈಗ ನಾಲ್ಕು ಜನರ ಮುಂದೆ ನಿಲ್ಲಬಲ್ಲ ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ, ಊರಿಗೊಂದು ನಾಟಕದಲ್ಲಾದರೂ ಪಾತ್ರದ ಬೆಲೆಯನ್ನು ತೆಗೆದುಹಾಕಬಹುದು. ನಮ್ಮ ಆಲೆಮನೆಗಳಲ್ಲಿ ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕೆಲಸಗಾರರು ಬೆಲ್ಲ ಕಾಯಿಸುತ್ತಾರೆ. ರಾಮಲೀಲೆ ಅವರ ಸೀಮೆಯ ದೊಡ್ಡ ಕಲೆ. ಕುರುಕ್ಷೇತ್ರ ಮುಗಿದ ಮರುರಾತ್ರಿ ಅದೇ ರಂಗಮಂಟಪವನ್ನು ಅವರಿಗೆ ಬಿಟ್ಟುಕೊಟ್ಟು ನಾವು ಚಾಪೆಯ ಮೇಲೆ ಕುಳಿತು ನೋಡಬಾರದೇಕೆ?

ಕಳೆದ ಸಲ ಊರಿಗೆ ಹೋದಾಗ ಈ ಮಾತನ್ನು ಹಿರಿಯರ ಮುಂದಿಟ್ಟೆ. ಅವರ ಭಾಷೆ ಯಾರಿಗೆ ತಿಳಿಯುತ್ತದೆ ಎಂದು ಒಬ್ಬರೆಂದರು. ಎರಡನೆಯ ರಾತ್ರಿಯ ಸೀನರಿ ಬಾಡಿಗೆಯನ್ನು ಯಾರು ಕೊಡಬೇಕು ಎಂದು ಇನ್ನೊಬ್ಬರು ಕೇಳಿದರು. ಬಾಡಿಗೆ ನಾನು ಕೊಡುತ್ತೇನೆಂದೆ. ಭಾಷೆಯ ಮಾತು ಇನ್ನೂ ಇತ್ಯರ್ಥವಾಗಿಲ್ಲ.